ಸೇತುವೆಯ ಆಚೆ ಸಾಲ್ಮನ್, ಈಚೆ ಹ್ಯಾಲಿಬಟ್: ಸ್ಯಾನ್ ಫ್ರಾನ್ಸಿಸ್ಕೊ ಕಡಲಿಗೆ ಗಾಳ ಹಾಕುವ ಮೊದಲು

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ಬೇ ಏರಿಯಾದಲ್ಲಿ ಊರ ಕಡೆಯವರು ಸಿಕ್ಕಾಗ ಕೇಳುವುದು ಒಂದೇ ಮಾತು. ‘ಶನಿವಾರ ಮೀನು ಹಿಡಿಯೋಕೆ ಹೋಗೋಣ ಅಂತಿದ್ದೀವಿ, ಎಲ್ಲಿ ಜಾಸ್ತಿ ಸಿಗುತ್ತೆ?’ ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ಶನಿವಾರ ಗಾಳಿ ಎಷ್ಟಿದೆ? ಅಲೆ ಎಷ್ಟು ಸೆಕೆಂಡಿಗೊಂದು ಬರುತ್ತಿದೆ? ಇಳಿತದ ನೀರು ಜೋರಾಗಿ ಓಡುವುದು ಎಷ್ಟು ಗಂಟೆಗೆ? ಈ ಮೂರು ಗೊತ್ತಾದರೆ ಎಲ್ಲಿಗೆ ಹೋಗಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಎಷ್ಟೋ ಸಲ ಹೋಗಲೇಬಾರದು ಅನ್ನುವುದೂ ಗೊತ್ತಾಗುತ್ತದೆ.

ನಾನು ಬೆಳೆದದ್ದು ಗಂಗೊಳ್ಳಿಯಲ್ಲಿ. ನಸುಕಿನಲ್ಲಿ ಹಿರಿಯರು ದಂಡೆಗೆ ಬಂದು ಅಳಿವೆಯ ಕಡೆ ಮುಖ ಮಾಡಿ ಸುಮ್ನೆ ನಿಲ್ಲುತ್ತಿದ್ದರು. ಹತ್ತು ನಿಮಿಷ, ಕೆಲವು ದಿನ ಅರ್ಧ ಗಂಟೆ. ಅವರಲ್ಲೊಬ್ಬರು ‘ಇವತ್ತು ಬ್ಯಾಡ’ ಅಂದರೆ ಮುಗಿಯಿತು, ಆ ದಿನ ದೋಣಿ ಇಳಿಯುತ್ತಿರಲಿಲ್ಲ. ಇಲ್ಲಿ ನಮಗೆ ಹೇಳಲು ಆ ಹಿರಿಯರಿಲ್ಲ. ಆದರೆ ಕಡಲಲ್ಲಿ ಲಂಗರು ಹಾಕಿದ ಬುರುಡೆಗಳು, ಅಂದರೆ ಅಳತೆಯ ಬೋಯ್‌ಗಳು ತೇಲುತ್ತಿವೆ, ಗಂಟೆ ಗಂಟೆಗೂ ಲೆಕ್ಕ ಕಳಿಸುತ್ತವೆ. ಅದನ್ನು ನೋಡಲು ಕಲಿತರೆ ಅರ್ಧ ಕೆಲಸ ಆದಂತೆ. ಉಳಿದ ಅರ್ಧ ಮೀನಿನ ಸ್ವಭಾವ ತಿಳಿಯುವುದು.

ಮೊದಲ ಕೆಲಸ: ಹಿಡಿಯಲು ಬಿಟ್ಟಿದ್ದಾರಾ ನೋಡಿ

ಸಾಲ್ಮನ್ ವಿಷಯದಲ್ಲಿ ಇದನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ. ಕ್ಯಾಲಿಫೋರ್ನಿಯಾ ಕಡಲಿನಲ್ಲಿ 2008 ಮತ್ತು 2009ರಲ್ಲಿ ಸಾಲ್ಮನ್ ಹಿಡಿಯುವುದನ್ನು ಹೆಚ್ಚುಕಡಿಮೆ ಪೂರ್ತಿ ನಿಲ್ಲಿಸಿದ್ದರು. 2023, 2024ರಲ್ಲಿ ಮತ್ತೆ ಪೂರ್ತಿ ಬಂದ್. 2025ರ ಬೇಸಿಗೆಯಲ್ಲಿ ಹವ್ಯಾಸಿಗಳಿಗೆ ಸಿಕ್ಕಿದ್ದು ಜೂನ್ 7 ಮತ್ತು 8, ಬರೀ ಎರಡು ದಿನ. ಇಡೀ ರಾಜ್ಯಕ್ಕೆ ಬೇಸಿಗೆಯ ಪಾಲು ಅಂತ ಇಟ್ಟಿದ್ದ 7,000 ಮೀನು ಆ ಎರಡೇ ದಿನದಲ್ಲಿ ಮುಗಿದುಹೋಯಿತು. ಹೋದ ವರ್ಷ ಬಿಟ್ಟಿದ್ದರು ಅಂತ ಈ ವರ್ಷ ಹೊರಡುವಂತಿಲ್ಲ. ಪೆಸಿಫಿಕ್ ಮೀನುಗಾರಿಕಾ ಮಂಡಳಿ ಪ್ರತಿ ವರ್ಷ ಮಾರ್ಚ್, ಏಪ್ರಿಲ್‌ನಲ್ಲಿ ಸಭೆ ಸೇರಿ ತೀರ್ಮಾನ ಮಾಡುತ್ತದೆ. ಆಮೇಲೆ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆ ದಿನಾಂಕ ಹಾಕುತ್ತದೆ. ಮಧ್ಯದಲ್ಲೇ ಮುಚ್ಚುವುದೂ ಇದೆ. ಹಾಗಾಗಿ ಹೊರಡುವ ಹಿಂದಿನ ದಿನ ಇಲಾಖೆಯ ಪುಟ ಇನ್ನೊಮ್ಮೆ ನೋಡಿ.

ಯಾಕೆ ಇಷ್ಟು ಬಿಗಿ ಅಂತ ಕೆಲವರು ಬೇಸರ ಮಾಡಿಕೊಳ್ಳುತ್ತಾರೆ. ಈ ಮೀನು ಹುಟ್ಟುವುದು ಸ್ಯಾಕ್ರಮೆಂಟೊ ಮತ್ತು ಅದರ ಅಕ್ಕಪಕ್ಕದ ನದಿಗಳಲ್ಲಿ. ಮರಿ ಹೊಳೆ ಇಳಿದು ಕಡಲಿಗೆ ಬಂದು ಎರಡು-ಮೂರು ವರ್ಷ ಬೆಳೆದು, ಮೊಟ್ಟೆ ಇಡಲು ಅದೇ ಹೊಳೆಗೆ ಹತ್ತುತ್ತದೆ. ಮಳೆ ಇಲ್ಲದ ವರ್ಷ ಹೊಳೆ ನೀರು ಕಡಿಮೆಯಾಗುತ್ತದೆ, ಬಿಸಿಯಾಗುತ್ತದೆ, ಮೊಟ್ಟೆ-ಮರಿ ಸಾಯುತ್ತವೆ. ಅದರ ಪೆಟ್ಟು ಕಡಲಿನಲ್ಲಿ ಕಾಣುವುದು ಮೂರು ವರ್ಷ ಕಳೆದ ಮೇಲೆ. 2020ರಿಂದ 2022ರವರೆಗೆ ಬರ ಇತ್ತು, 2023ರಲ್ಲಿ ಬಾಗಿಲು ಮುಚ್ಚಿತು. ಮಲ್ಪೆ, ಗಂಗೊಳ್ಳಿಯವರಿಗೆ ಇದು ಹೊಸದಲ್ಲ. ನಮ್ಮಲ್ಲೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಮೀನು ಮರಿ ಮಾಡಲಿ ಅಂತ ತಾನೇ? ಬಂದ್ ಇರುವಾಗ ‘ಹಿಡಿದು ಬಿಟ್ಟುಬಿಡ್ತೀನಿ’ ಅಂತ ಸಾಲ್ಮನ್‌ಗೆ ಗಾಳ ಹಾಕುವುದೂ ತಪ್ಪು. ಆ ವರ್ಷ ಮನಸ್ಸಿಟ್ಟು ಹ್ಯಾಲಿಬಟ್ ಅನ್ನುವ ಚಪ್ಪಟೆ ಮೀನು ಹಿಡಿಯುವುದನ್ನು ಕಲಿಯಿರಿ.

ಹ್ಯಾಲಿಬಟ್‌ನಲ್ಲಿ ಎರಡು ಜಾತಿ ಇವೆ, ನಿಯಮ ಬೇರೆ ಬೇರೆ. ಕೊಲ್ಲಿಯೊಳಗೆ ಸಿಗುವುದು ಕ್ಯಾಲಿಫೋರ್ನಿಯಾ ಹ್ಯಾಲಿಬಟ್. ಅದು ವರ್ಷವಿಡೀ ತೆರೆದಿರುತ್ತದೆ, ಉದ್ದ ಕನಿಷ್ಠ 22 ಇಂಚು ಇರಬೇಕು. ಪಾಯಿಂಟ್ ಸುರ್‌ನಿಂದ ಉತ್ತರಕ್ಕೆ (ಸ್ಯಾನ್ ಫ್ರಾನ್ಸಿಸ್ಕೊವೂ ಇದರಲ್ಲಿ ಬರುತ್ತದೆ) ಒಬ್ಬರಿಗೆ ದಿನಕ್ಕೆ 3 ಇದ್ದದ್ದನ್ನು 2023ರಲ್ಲಿ 2ಕ್ಕೆ ಇಳಿಸಿದರು. ಪೆಸಿಫಿಕ್ ಹ್ಯಾಲಿಬಟ್ ಅನ್ನುವುದು ಭಾರೀ ಮೀನು. ಅದು ಹೆಚ್ಚಾಗಿ ಫೋರ್ಟ್ ಬ್ರ್ಯಾಗ್, ಯುರೇಕಾ ಕಡೆ, ಇನ್ನೂ ಉತ್ತರಕ್ಕೆ ಅಲಾಸ್ಕಾವರೆಗೆ. ಅದಕ್ಕೆ ದಿನಕ್ಕೆ ಒಂದೇ, ಪಾಲು ಮುಗಿದ ದಿನ ಬಾಗಿಲು ಹಾಕುತ್ತಾರೆ. ಗುರುತು ಹಿಡಿಯಲು ಬಾಯಿ ನೋಡಿ. ಕ್ಯಾಲಿಫೋರ್ನಿಯಾದ್ದಕ್ಕೆ ಬಾಯಿ ದೊಡ್ಡದು, ಮೇಲ್ದವಡೆ ಕಣ್ಣು ದಾಟಿ ಹಿಂದಕ್ಕೆ ಹೋಗಿರುತ್ತದೆ, ಹಲ್ಲು ಚೂಪು. ಪೆಸಿಫಿಕ್‌ನದ್ದು ಕಣ್ಣಿನ ಕೆಳಗೇ ನಿಂತುಬಿಡುತ್ತದೆ.

ಲೈಸೆನ್ಸ್ 16 ವರ್ಷ ತುಂಬಿದ ಎಲ್ಲರಿಗೂ ಬೇಕು, ಕೊಂಡ ದಿನದಿಂದ 365 ದಿನ ನಡೆಯುತ್ತದೆ. ಸಾರ್ವಜನಿಕ ಕಟ್ಟೆಯ ಮೇಲೆ ನಿಂತು ಕಡಲಿಗೆ ಗಾಳ ಹಾಕುವುದಾದರೆ ಬೇಡ. ಆದರೆ ಉದ್ದ, ಸಂಖ್ಯೆಯ ನಿಯಮ ಅಲ್ಲಿಯೂ ಇದೆ. ಸ್ವಂತ ಮೋಟಾರ್ ದೋಣಿ ನಡೆಸುವವರಿಗೆ 2025ರಿಂದ ವಯಸ್ಸು ಎಷ್ಟೇ ಇರಲಿ, ಸುರಕ್ಷತೆಯ ಪರೀಕ್ಷೆ ಪಾಸಾಗಿ ಪಡೆಯುವ ಬೋಟರ್ ಕಾರ್ಡ್ ಕಡ್ಡಾಯ.

ಎರಡು ಮೀನು, ಎರಡು ಥರದ ನೀರು

ಊರಿನಿಂದ ಹೊಸದಾಗಿ ಬಂದವರು ಸಾಲ್ಮನ್ ಅಂದರೆ ರಾವಸ್ ಅಂದುಕೊಳ್ಳುತ್ತಾರೆ. ಅಂಗಡಿಗಳಲ್ಲಿ ರಾವಸ್‌ಗೆ ‘ಇಂಡಿಯನ್ ಸಾಲ್ಮನ್’ ಅಂತ ಬರೆಯುವುದರಿಂದ ಆದ ಗೊಂದಲ ಇದು. ಎರಡಕ್ಕೂ ಸಂಬಂಧವಿಲ್ಲ. ಹ್ಯಾಲಿಬಟ್ ಮಾತ್ರ ನಮ್ಮ ನಂಗುವಿನ ದೂರದ ದೊಡ್ಡ ನೆಂಟ. ಅದೇ ಚಪ್ಪಟೆ ಮೈ, ಎರಡೂ ಕಣ್ಣು ಒಂದೇ ಮಗ್ಗುಲಿಗೆ, ಮರಳಲ್ಲಿ ಹೂತು ಕೂರುವ ಅದೇ ಬುದ್ಧಿ.

ಸಾಲ್ಮನ್ ತಣ್ಣೀರಿನ ಮೀನು. ಇಲ್ಲಿ ವಸಂತದಿಂದ ಬೇಸಿಗೆಯ ಆರಂಭದವರೆಗೆ ವಾಯವ್ಯದಿಂದ ಗಾಳಿ ಜೋರಾಗಿ ಬೀಸುತ್ತದೆ. ಅದು ದಡದ ಮೇಲ್ನೀರನ್ನು ಆಚೆ ತಳ್ಳುತ್ತದೆ. ಆ ಜಾಗ ತುಂಬಲು ಆಳದ ತಣ್ಣೀರು ಮೇಲೆ ಬರುತ್ತದೆ, ಜೊತೆಗೆ ಗೊಬ್ಬರದಂಥ ಸತ್ವ ತರುತ್ತದೆ. ಅದರಿಂದ ಪಾಚಿ, ಪಾಚಿಯಿಂದ ಕ್ರಿಲ್ ಅನ್ನುವ ಸೀಗಡಿಯಂಥ ಪುಟ್ಟ ಜೀವಿ, ಅದರ ಹಿಂದೆ ಆಂಚೊವಿ (ನಮ್ಮ ಕೊಲ್ಲತರು), ಅದರ ಹಿಂದೆ ಸಾಲ್ಮನ್. ಜೂನ್ ತಿಂಗಳಲ್ಲೂ ಇಲ್ಲಿ ಕಡಲಿಗೆ ಕಾಲಿಟ್ಟರೆ ಜುಮ್ಮೆನ್ನುವುದು ಇದಕ್ಕೇ.

ಅಂದರೆ ಗಾಳಿಯೇ ಮೀನನ್ನು ತರುತ್ತದೆ, ಅದೇ ಗಾಳಿ ನಮ್ಮನ್ನು ಹೋಗದಂತೆ ತಡೆಯುತ್ತದೆ. ನಾಲ್ಕೈದು ದಿನ ಬೀಸಿ ನಿಂತ ಮೇಲೆ ಬರುವ ಶಾಂತ ದಿನಗಳಿವೆಯಲ್ಲ, ಎರಡನೆಯ ದಿನ, ಮೂರನೆಯ ದಿನ, ಅದಕ್ಕೆ ಕಾಯಬೇಕು. ನೀರಿನ ಶಾಖ 52ರಿಂದ 54 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 11-12 ಡಿಗ್ರಿ ಸೆಲ್ಸಿಯಸ್ ಇದ್ದರೆ ನಾನು ಸಾಲ್ಮನ್‌ಗೆ ಹೊರಡುತ್ತೇನೆ.

ಹ್ಯಾಲಿಬಟ್ ಉಲ್ಟಾ. ಅದಕ್ಕೆ ಬೆಚ್ಚಗಿನ ಮರಳು ಬೇಕು. ವಸಂತದಲ್ಲಿ ಕೊಲ್ಲಿಯ ಆಳವಿಲ್ಲದ ನೀರು ಬಿಸಿಲಿಗೆ ಕಾದಂತೆ ಮೊಟ್ಟೆ ಇಡಲು ಕಡಲಿನಿಂದ ಒಳಗೆ ಬರುತ್ತದೆ. ನೀರು 60 ಡಿಗ್ರಿ ಫ್ಯಾರನ್‌ಹೀಟ್ ಹತ್ತಿರ ಬಂದಾಗ ಚುರುಕಾಗುತ್ತದೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಒಳ್ಳೆಯ ಕಾಲ. ಚಳಿಗಾಲದಲ್ಲಿ ಮಳೆ ಜಾಸ್ತಿ ಬಂದು ಹೊಳೆಗಳ ಕೆಸರು ನೀರು ಕೊಲ್ಲಿ ತುಂಬಿದ್ದರೆ ಒಂದಷ್ಟು ದಿನ ತಡವಾಗುತ್ತದೆ. ಹ್ಯಾಲಿಬಟ್ ಕಣ್ಣಿಂದ ನೋಡಿ ಬೇಟೆಯಾಡುವ ಮೀನು, ರಾಡಿ ನೀರಲ್ಲಿ ಅದಕ್ಕೆ ಎರೆ ಕಾಣುವುದಿಲ್ಲ.

ಹಿಂದಿನ ರಾತ್ರಿ ಊಟ ಆದ ಮೇಲೆ ಮಾಡಬೇಕಾದ್ದು

ಗಾಳಿಯಿಂದ ಶುರು ಮಾಡಿ. ರಾಷ್ಟ್ರೀಯ ಹವಾಮಾನ ಸೇವೆಯ ಕಡಲ ಮುನ್ಸೂಚನೆಯಲ್ಲಿ ‘ಪಾಯಿಂಟ್ ರೇಯ್ಸ್‌ನಿಂದ ಪಿಜನ್ ಪಾಯಿಂಟ್‌ವರೆಗೆ’ ಅನ್ನುವ ಭಾಗ ತೆರೆಯಿರಿ. ಗಾಳಿ 10 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ಒಳಗೆ ಇದ್ದರೆ ಗೋಲ್ಡನ್ ಗೇಟ್ ಸೇತುವೆ ದಾಟಿ ಹೊರಕಡಲಿಗೆ ಹೋಗಬಹುದು. 15 ಮುಟ್ಟಿದರೆ ನಾನು ಸಣ್ಣ ದೋಣಿಯಲ್ಲಿ ಕೊಲ್ಲಿಯೊಳಗೇ ಉಳಿಯುತ್ತೇನೆ. ‘ಸ್ಮಾಲ್ ಕ್ರಾಫ್ಟ್ ಅಡ್ವೈಸರಿ’ (ಸಣ್ಣ ದೋಣಿಗಳಿಗೆ ಎಚ್ಚರಿಕೆ) ಅಂತ ಬರೆದಿದ್ದರೆ ಅಲ್ಲಿಗೆ ಮುಗಿಯಿತು, ಮಲಗಿ. ಇಲ್ಲಿ ಆ ಎಚ್ಚರಿಕೆ ಕೊಡುವುದು ಗಾಳಿ 21ರಿಂದ 33 ನಾಟ್ ಇರುವಾಗ.

ಬೆಳಗಿನ ಗಾಳಿ ನೋಡಿ ಮಧ್ಯಾಹ್ನವನ್ನು ಅಂದಾಜು ಮಾಡಬೇಡಿ. ಬೇಸಿಗೆಯಲ್ಲಿ ಒಳನಾಡಿನ ಸೆಂಟ್ರಲ್ ವ್ಯಾಲಿ ಕಾದು ಬಿಸಿಗಾಳಿ ಮೇಲೇಳುತ್ತದೆ. ಆಗ ಕಡಲ ತಂಪು ಗಾಳಿ ಗೋಲ್ಡನ್ ಗೇಟ್ ಸಂದಿಯಿಂದ ನುಗ್ಗಿ ನೇರ ಎದುರು ದಡದ ಬರ್ಕ್ಲಿ ಕಡೆ ಹೊಡೆಯುತ್ತದೆ. ಬೆಳಿಗ್ಗೆ ಏಳಕ್ಕೆ ಕನ್ನಡಿಯ ಹಾಗಿದ್ದ ನೀರು ಮಧ್ಯಾಹ್ನ ಎರಡಕ್ಕೆ ಬಿಳಿ ನೊರೆ. ಸ್ಯಾಕ್ರಮೆಂಟೊದಲ್ಲಿ 100 ಡಿಗ್ರಿ ಫ್ಯಾರನ್‌ಹೀಟ್ ಅಂತ ಮುನ್ಸೂಚನೆ ಇದ್ದ ದಿನ ನಾನು ಹನ್ನೊಂದೂವರೆಗೆ ದಡ ಸೇರುತ್ತೇನೆ.

ಆಮೇಲೆ ಅಲೆ. ರಾಷ್ಟ್ರೀಯ ಬೋಯ್ ಕೇಂದ್ರದ ಪುಟದಲ್ಲಿ 46026 ಅಂತ ಹಾಕಿ. ಸ್ಯಾನ್ ಫ್ರಾನ್ಸಿಸ್ಕೊದಿಂದ ಪಶ್ಚಿಮಕ್ಕೆ ಸುಮಾರು 18 ನಾಟಿಕಲ್ ಮೈಲಿ ದೂರದಲ್ಲಿ ತೇಲುತ್ತಿರುವ ಬೋಯ್ ಅದು. ಹಾಫ್ ಮೂನ್ ಬೇ ಕಡೆಯವರಿಗೆ 46012. ಎರಡು ಅಂಕಿ ನೋಡಿ: ಎತ್ತರ ಎಷ್ಟು ಅಡಿ, ಎರಡು ಅಲೆಯ ನಡುವೆ ಎಷ್ಟು ಸೆಕೆಂಡು. ಬರೀ ಎತ್ತರ ನೋಡಿ ಹೊರಟವರು ಪಾಡು ಪಡುತ್ತಾರೆ. 6 ಅಡಿ, 14 ಸೆಕೆಂಡು ಅಂದರೆ ದೋಣಿ ತೊಟ್ಟಿಲ ಹಾಗೆ ಮೆಲ್ಲಗೆ ಏರಿ ಇಳಿಯುತ್ತದೆ. ಅದೇ 6 ಅಡಿ 7 ಸೆಕೆಂಡಿಗೊಂದು ಬಂದರೆ ಗುಂಡಿ ಬಿದ್ದ ರಸ್ತೆಯಲ್ಲಿ ಲಾರಿ ಹೋದ ಹಾಗೆ, ನಿಲ್ಲುವುದೂ ಕಷ್ಟ. ಸೆಕೆಂಡು ಅಡಿಯ ಎರಡರಷ್ಟಾದರೂ ಇರಬೇಕು ಅನ್ನುವುದು ಇಲ್ಲಿನ ದೋಣಿಯವರ ಲೆಕ್ಕ.

ಕೊನೆಗೆ ನೀರಿನ ಏರಿಳಿತ. ಇಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ, ಆದರೆ ಎರಡೂ ಸಮ ಇರುವುದಿಲ್ಲ. ಒಂದು ದೊಡ್ಡದು, ಒಂದು ಸಣ್ಣದು. ಇಷ್ಟು ದೊಡ್ಡ ಕೊಲ್ಲಿಯ ನೀರು ಹೊರಗೆ ಹೋಗಲು, ಒಳಗೆ ಬರಲು ಇರುವ ಬಾಗಿಲು ಆ ಸೇತುವೆಯ ಕೆಳಗಿನ ಒಂದು ಮೈಲಿಯ ಸಂದಿ ಮಾತ್ರ. ದೊಡ್ಡ ಇಳಿತದ ದಿನ ಅಲ್ಲಿ ನೀರು 4 ನಾಟ್‌ಗೂ ಮೀರಿ ಓಡುತ್ತದೆ. ಎತ್ತರದ ಪಟ್ಟಿಯ ಜೊತೆಗೆ ನೀರಿನ ಓಟದ ಪಟ್ಟಿಯೂ ಬೇರೆ ಇದೆ, ಅದನ್ನು ತೆಗೆದು ‘ಗೋಲ್ಡನ್ ಗೇಟ್, ಗರಿಷ್ಠ ಇಳಿತ’ ಎಷ್ಟು ಗಂಟೆಗೆ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಮನೆಯ ಗೋಡೆಯ ಮೇಲೆ ಕನ್ನಡ ಕ್ಯಾಲೆಂಡರ್ ಇದ್ದರೆ ಇನ್ನೂ ಸುಲಭ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ಏರಿಳಿತ ದೊಡ್ಡದು. ಅಷ್ಟಮಿ ಕಳೆದು ಒಂದೆರಡು ದಿನ ಸಣ್ಣದು. ಊರಲ್ಲಿ ಮೀನಿನವರು ತಿಥಿ ನೋಡುತ್ತಿದ್ದದ್ದು ಇದಕ್ಕೇ, ಇಲ್ಲಿಯೂ ಚಂದ್ರ ಅವನೇ. ಹ್ಯಾಲಿಬಟ್‌ಗೆ ನಾನು ದಿನ ಗೊತ್ತು ಮಾಡುವುದು ಅಷ್ಟಮಿ ನೋಡಿಕೊಂಡು.

ಅಳಿವೆ ದಾಟುವುದು

ಸೇತುವೆಯ ಆಚೆ ಕುದುರೆ ಲಾಳದ ಆಕಾರದಲ್ಲಿ ಮರಳಿನ ದಿಬ್ಬ ಇದೆ. ಇದು ಸ್ಯಾನ್ ಫ್ರಾನ್ಸಿಸ್ಕೊದ ಅಳಿವೆ. ಉತ್ತರದ ತೋಳಿಗೆ ‘ಪೊಟೇಟೊ ಪ್ಯಾಚ್’ ಅಂತಾರೆ, ನಕ್ಷೆಯಲ್ಲಿ ‘ಫೋರ್ ಫ್ಯಾದಮ್ ಬ್ಯಾಂಕ್’. ನಾಲ್ಕು ಫ್ಯಾದಮ್ ಅಂದರೆ 24 ಅಡಿ ನೀರು. ಮೇಲೆ ನಾನು ಹೇಳಿದ ಸೆಕೆಂಡಿನ ಲೆಕ್ಕ ಇಲ್ಲಿ ತಿರುಗಿ ಬೀಳುತ್ತದೆ. ಆಳದ ಕಡಲಲ್ಲಿ ಮೆತ್ತಗಿದ್ದ 15-16 ಸೆಕೆಂಡಿನ ಉದ್ದ ಅಲೆ ಈ ದಿಬ್ಬಕ್ಕೆ ತಾಗಿದ್ದೇ ಎದ್ದು ನಿಲ್ಲುತ್ತದೆ. ಎದುರಿನಿಂದ ಇಳಿತದ ನೀರು ಬರುತ್ತಿದ್ದರೆ ಇನ್ನೂ ಕಡಿದಾಗಿ ನಿಂತು ಮುರಿಯುತ್ತದೆ. ಅದಕ್ಕೇ ಅಳಿವೆಯ ಮೇಲಿರುವ 46237 ನಂಬರಿನ ಬೋಯ್ ಬೇರೆಯಾಗಿ ನೋಡಬೇಕು.

ನನಗೆ ಇದು ಗೊತ್ತಾದದ್ದು ಹೆದರಿದ ಮೇಲೆ. ಗೆಳೆಯರ 22 ಅಡಿಯ ದೋಣಿಯಲ್ಲಿ ಬೆಳಿಗ್ಗೆ ಆರಕ್ಕೆ ಹೋದಾಗ ನೀರಿನ ಓಟ ನಿಂತಿತ್ತು, ಅಳಿವೆ ಇದೆ ಅಂತಲೇ ಅನಿಸಲಿಲ್ಲ. ಮಧ್ಯಾಹ್ನ ವಾಪಸು ಬರುವಾಗ ಇಳಿತ ಪೂರ್ತಿ ಜೋರು. ದೂರದಿಂದ ಕಂಡದ್ದು ಬಿಳಿ ಗೆರೆ. ಹತ್ತಿರ ಹೋದಾಗ ಆ ಗೆರೆ ಗೋಡೆಯಾಯಿತು. ಮುಂದಿನ ಅಲೆ ಎಷ್ಟು ಎತ್ತರ ಎದ್ದಿತೆಂದರೆ ಅದರ ಹಿಂದಿನ ದೀಪಸ್ತಂಭವೇ ನಮಗೆ ಕಾಣದಾಯಿತು. ದೋಣಿ ನಡೆಸುತ್ತಿದ್ದವರು ಮಾತಾಡದೆ ನಿಧಾನಕ್ಕೆ ತಿರುಗಿಸಿ ಆಚೆ ಒಯ್ದರು. ಎರಡು ಗಂಟೆ ಅಲ್ಲೇ ತೇಲಿ, ನೀರು ನಿಂತ ಮೇಲೆ ದೊಡ್ಡ ಹಡಗಿನ ದಾರಿ ಹಿಡಿದು ಒಳಗೆ ಬಂದೆವು. ಗಂಗೊಳ್ಳಿಯಲ್ಲಿ ಅಳಿವೆಯಲ್ಲಿ ದೋಣಿ ಮಗುಚಿದ ಸುದ್ದಿ ಎಷ್ಟು ಸಲ ಕೇಳಿ ಬೆಳೆದಿದ್ದೆ! ಆದರೂ ಆ ದಿನ ಬರುವ ಹೊತ್ತಿನ ಇಳಿತ ನಾನು ನೋಡಿರಲಿಲ್ಲ.

ಆದ್ದರಿಂದ ಹೋಗುವ ಹೊತ್ತಷ್ಟೇ ಅಲ್ಲ, ಬರುವ ಹೊತ್ತೂ ಬರೆದಿಡಿ. ನೀರು ನಿಂತಿರುವಾಗ, ಇಲ್ಲವೇ ಭರತ ಒಳಗೆ ಬರುವಾಗ ದಾಟಿ. ಹೊಸಬರು ಕೆಂಪು-ಹಸಿರು ಬೋಯ್‌ಗಳ ನಡುವಿನ ದೊಡ್ಡ ಹಡಗಿನ ದಾರಿ ಬಿಡಬೇಡಿ, ಆದರೆ ಹಡಗು ಬಂದರೆ ಅಂಚಿಗೆ ಸರಿಯಿರಿ. ಮಂಜು ಕವಿದರೆ ರೇಡಿಯೊದಲ್ಲಿ ತುರ್ತು ಕರೆಯ 16 ಮತ್ತು ಹಡಗುಗಳ ಸಂಚಾರದ 14ನೇ ಚಾನೆಲ್ ಕೇಳುತ್ತಿರಿ. ಲೈಫ್ ಜಾಕೆಟ್ ದೋಣಿಯಲ್ಲಿ ಇದ್ದರೆ ಸಾಲದು, ಮೈಮೇಲೆ ಇರಬೇಕು. ಈ ನೀರಿಗೆ ಬಿದ್ದರೆ ಎಂಥ ಈಜುಗಾರನ ಕೈಕಾಲೂ ಸ್ವಲ್ಪ ಹೊತ್ತಿಗೆ ಮರಗಟ್ಟುತ್ತದೆ.

ಮೊದಲ ಎರಡು-ಮೂರು ವರ್ಷ ಹತ್ತಾರು ಜನರನ್ನು ದುಡ್ಡಿಗೆ ಒಯ್ಯುವ ಪಾರ್ಟಿ ಬೋಟ್‌ನಲ್ಲೇ ಹೋಗಿ ಅನ್ನುವುದು ನನ್ನ ಸಲಹೆ. ಎಮರಿವಿಲ್, ಫಿಶರ್ಮನ್ಸ್ ವಾರ್ಫ್, ಹಾಫ್ ಮೂನ್ ಬೇಯ ಪಿಲ್ಲರ್ ಪಾಯಿಂಟ್‌ನಿಂದ ಹೊರಡುತ್ತವೆ. ಗಾಳ, ಎರೆ ಅವರೇ ಕೊಡುತ್ತಾರೆ. ಹೊಟ್ಟೆ ತೊಳಸುವವರು ಮಾತ್ರೆಯನ್ನು ಹಿಂದಿನ ರಾತ್ರಿಯೇ ತೆಗೆದುಕೊಳ್ಳಿ, ದೋಣಿ ಹತ್ತಿದ ಮೇಲೆ ನುಂಗಿದರೆ ತಡವಾಯಿತು. ಬೆಳಿಗ್ಗೆ ಖಾಲಿ ಹೊಟ್ಟೆ ಬೇಡ, ಎಣ್ಣೆ ಪದಾರ್ಥವೂ ಬೇಡ. ಎರಡು ಇಡ್ಲಿ ಸಾಕು.

ಸಾಲ್ಮನ್: ಹಕ್ಕಿ ಹೇಳಿದ ಕಡೆ

ಇಲ್ಲಿನ ಸಾಲ್ಮನ್ ಅಂದರೆ ಚಿನೂಕ್, ಕಿಂಗ್ ಅಂತಲೂ ಕರೆಯುತ್ತಾರೆ. ಡಕ್ಸ್‌ಬರಿ ಬಂಡೆಸಾಲು, ಮ್ಯೂರ್ ಬೀಚ್ ಮುಂದೆ, ಪೆಸಿಫಿಕಾ ಮುಂದೆ, ಕೆಲವು ದಿನ ಫ್ಯಾರಲಾನ್ ದ್ವೀಪಗಳ ದಾರಿಯಲ್ಲಿ ಸಿಗುತ್ತದೆ. ಆದರೆ ನಿನ್ನೆ ಸಿಕ್ಕ ಜಾಗದಲ್ಲಿ ಇವತ್ತು ಇರಬೇಕೆಂದಿಲ್ಲ. ಆಂಚೊವಿ ಹಿಂಡು ಎಲ್ಲಿ, ಅದೂ ಅಲ್ಲಿ. ಮರ್ ಅನ್ನುವ ಕಪ್ಪು-ಬಿಳಿ ಹಕ್ಕಿಗಳು ನೀರ ಮೇಲೆ ಕೂತು ಮತ್ತೆ ಮತ್ತೆ ಮುಳುಗುತ್ತಿದ್ದರೆ, ಪೆಲಿಕನ್‌ಗಳು ಮೇಲಿನಿಂದ ಬೀಳುತ್ತಿದ್ದರೆ ಕೆಳಗೆ ಎರೆ ಮೀನು ಇದೆ ಅಂತ ಅರ್ಥ. ನೀರಿನ ಬಣ್ಣ ಹಸಿರಿನಿಂದ ನೀಲಿಗೆ ಬದಲಾಗುವ ಗೆರೆ ಸಿಕ್ಕರೆ ಅದರ ಉದ್ದಕ್ಕೂ ಹೋಗಿ. ತಿಮಿಂಗಿಲ ಇದ್ದರೆ ನೂರು ಗಜ ದೂರ ಇರಿ.

ಹೆಚ್ಚಿನವರು ದೋಣಿಯನ್ನು 2ರಿಂದ 3 ನಾಟ್ ವೇಗದಲ್ಲಿ ನಡೆಸುತ್ತಾ ಎರೆಯನ್ನು ಹಿಂದೆ ಎಳೆಯುತ್ತಾರೆ. ಒಬ್ಬರು ನೂಲನ್ನು 40 ಅಡಿಗೆ, ಇನ್ನೊಬ್ಬರು 70ಕ್ಕೆ, ಮತ್ತೊಬ್ಬರು 100ಕ್ಕೆ ಇಳಿಸಿ. ಯಾರಿಗೆ ಮೊದಲು ಬಿತ್ತೋ ಉಳಿದವರು ಆ ಆಳಕ್ಕೆ ಬನ್ನಿ. ಎರೆ ಗಾಯಗೊಂಡ ಮೀನಿನ ಹಾಗೆ ಉರುಳಬೇಕು. ನೀರಿಗೆ ಬಿಡುವ ಮೊದಲು ದೋಣಿ ಪಕ್ಕದಲ್ಲಿ ಎಳೆದು ಕಣ್ಣಾರೆ ನೋಡಿ, ಉರುಳದಿದ್ದರೆ ಮತ್ತೆ ಚುಚ್ಚಿ.

ಕೊಂಡಿಯ ತುದಿಯಲ್ಲಿ ಹಿಮ್ಮುಖ ಮುಳ್ಳು ಇರಬಾರದು, ಒಬ್ಬರಿಗೆ ಒಂದೇ ಗಾಳದ ಕೋಲು. ದೋಣಿ ನಿಲ್ಲಿಸಿ ಎರೆ ಇಳಿಸುವುದಾದರೆ ಗುಂಡನೆಯ ಸರ್ಕಲ್ ಕೊಂಡಿ ಕಡ್ಡಾಯ. ಮುಳ್ಳಿಲ್ಲದ ಕೊಂಡಿಯಲ್ಲಿ ನೂಲು ಸಡಿಲ ಬಿಟ್ಟ ಕ್ಷಣ ಮೀನು ಕಳಚಿಕೊಳ್ಳುತ್ತದೆ. ಅದು ದೋಣಿಯ ಕಡೆಗೇ ಓಡಿ ಬಂದರೆ ಹುಚ್ಚು ಹಿಡಿದ ಹಾಗೆ ಸುತ್ತಬೇಕು. ನೂಲು ಬಿಗಿಯಾಗಿರುವುದೇ ಮುಖ್ಯ.

ಕೈಬಲೆ ಹಾಕುವ ಮೊದಲು ಇನ್ನೊಂದು ನೋಡಿ. ಕೋಹೊ ಅನ್ನುವ ಇನ್ನೊಂದು ಸಾಲ್ಮನ್ ಇದೆ, ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಇಟ್ಟುಕೊಳ್ಳುವಂತಿಲ್ಲ. ಕೆಳದವಡೆಯಲ್ಲಿ ಹಲ್ಲಿನ ಬುಡದ ಒಸಡು ಕಪ್ಪಗಿದ್ದರೆ ಚಿನೂಕ್. ಬಿಳಿಚಿಕೊಂಡಿದ್ದರೆ ಕೋಹೊ. ಬಾಲದ ಮೇಲೆ, ಕೆಳಗೆ ಎರಡೂ ಕಡೆ ಚುಕ್ಕಿ ಇದ್ದರೆ ಚಿನೂಕ್, ಮೇಲಿನ ಅರ್ಧದಲ್ಲಿ ಮಾತ್ರ ಇದ್ದರೆ ಕೋಹೊ. ಕೋಹೊ ಅಂತ ಗೊತ್ತಾದರೆ ನೀರಿನಿಂದ ಎತ್ತಲೇಬೇಡಿ, ನೀರಲ್ಲೇ ಕೊಂಡಿ ತಿರುಗಿಸಿ ಬಿಡಿ.

ಹ್ಯಾಲಿಬಟ್: ಅವಸರ ಮಾಡಬೇಡಿ

ನನಗೆ ಮನಸ್ಸಿಗೆ ಹತ್ತಿರದ ಮೀನು ಇದು. ಅಳಿವೆ ದಾಟುವ ಆತಂಕ ಇಲ್ಲ, ಮಕ್ಕಳನ್ನೂ ಕರೆದೊಯ್ಯಬಹುದು. ಏಂಜೆಲ್ ಐಲ್ಯಾಂಡ್ ಸುತ್ತ, ಅಲಮೀಡಾದ ಕಲ್ಲುಗೋಡೆ, ಬರ್ಕ್ಲಿ ಮುಂದಿನ ಆಳವಿಲ್ಲದ ಸಮತಟ್ಟು ಜಾಗ, ಕ್ರಿಸ್ಸಿ ಫೀಲ್ಡ್ ಮುಂದೆ, ದಕ್ಷಿಣಕ್ಕೆ ಆಯ್ಸ್ಟರ್ ಪಾಯಿಂಟ್ ಕಡೆ ನೋಡಿ. ಬೇಕಾದ್ದು ಮರಳಿನ ನೆಲ. ಅದರಲ್ಲೂ ನೆಲ ಸ್ವಲ್ಪ ಇಳಿಜಾರಾಗುವ ಅಂಚು. ಹ್ಯಾಲಿಬಟ್ ಅಲ್ಲಿ ಮರಳು ಹೊದ್ದು ಕಣ್ಣು ಮಾತ್ರ ಹೊರಗಿಟ್ಟು ನೀರು ತರುವ ಊಟಕ್ಕೆ ಕಾಯುತ್ತದೆ.

ಎಂಜಿನ್ ನಿಲ್ಲಿಸಿ ದೋಣಿಯನ್ನು ನೀರಿನ ಜೊತೆ ತೇಲಲು ಬಿಡಿ. ಅರ್ಧದಿಂದ ಒಂದು ನಾಟ್ ವೇಗ ಸರಿ. ಅದಕ್ಕಿಂತ ಜೋರಾದರೆ ಎರೆ ನೆಲ ಬಿಟ್ಟು ಮೇಲೆ ಹಾರುತ್ತದೆ, ಅಷ್ಟಮಿ ನೋಡುವುದು ಅದಕ್ಕೇ. ಇಳಿತದ ಕೊನೆಯ ಒಂದು ಗಂಟೆ ಮತ್ತು ಭರತದ ಮೊದಲ ಎರಡು ಗಂಟೆ ನನಗೆ ಹೆಚ್ಚು ಮೀನು ಕೊಟ್ಟಿವೆ. ಭರತ ತಿಳಿಯಾದ ಕಡಲ ನೀರು ತರುತ್ತದಲ್ವಾ. ಮೂರು ಕಡೆ ಉಂಗುರ ಇರುವ, ನೂಲುಗಳನ್ನು ಜೋಡಿಸುವ ಸ್ವಿವೆಲ್‌ಗೆ ಒಂದು ಕಡೆ ಸೀಸ, ಇನ್ನೊಂದು ಕಡೆ ಮೂರು-ನಾಲ್ಕು ಅಡಿ ಸಣ್ಣ ನೂಲು, ಅದರ ತುದಿಗೆ ಮೂಗಿಗೆ ಚುಚ್ಚಿದ ಜೀವಂತ ಆಂಚೊವಿ. ಸೀಸ ನೆಲ ಮುಟ್ಟಿ ಎದ್ದು, ಮುಟ್ಟಿ ಎದ್ದು ಸಾಗಬೇಕು. ಕೋಲು ಹಿಡಿದ ಕೈಗೆ ಆ ‘ಟಕ್, ಟಕ್’ ಗೊತ್ತಾಗುತ್ತಿರಬೇಕು.

ಆಮೇಲೆ ಒಂದು ಟಕ್ ಬೇರೆ ಥರ ಬರುತ್ತದೆ. ಸ್ವಲ್ಪ ಮೆತ್ತಗೆ, ತೂಕ ಇಟ್ಟ ಹಾಗೆ. ಇಲ್ಲಿ ಎಲ್ಲರೂ ತಪ್ಪುವುದು. ಎಳೆಯಬೇಡಿ. ಹ್ಯಾಲಿಬಟ್ ಮೊದಲು ಎರೆಯನ್ನು ಕಚ್ಚಿ ಹಿಡಿಯುತ್ತದೆ, ನುಂಗುವುದು ಆಮೇಲೆ. ಕೋಲಿನ ತುದಿ ನೀರ ಕಡೆ ಬಗ್ಗಿಸಿ, ಬೇಕಾದರೆ ಸ್ವಲ್ಪ ನೂಲು ಬಿಡಿ, ಹತ್ತರವರೆಗೆ ಎಣಿಸಿ. ಕೋಲು ತಾನಾಗಿ ಭಾರವಾಗಿ ಬಾಗಿದಾಗ ಮೆಲ್ಲಗೆ ಮೇಲೆತ್ತಿ. ಮೇಲೆ ಬರುವಾಗ ಒದ್ದೆ ಗೋಣಿ ಎಳೆದ ಹಾಗೆ ಸುಮ್ಮನೆ ಬರುತ್ತದೆ, ದೋಣಿ ಕಂಡ ಕೂಡಲೇ ಕೆಳಕ್ಕೆ ಧುಮುಕುತ್ತದೆ. ಎರಡನೆಯ ಸಲ ಬಂದಾಗ ತಲೆಯನ್ನು ನೀರಿನಿಂದ ಮೇಲೆತ್ತಬೇಡಿ. ತಲೆ ಗಾಳಿಗೆ ಬಂದರೆ ಒದ್ದಾಡಿ ನೂಲು ಹರಿಯುತ್ತದೆ. ಕೈಬಲೆಯನ್ನು ಮೊದಲೇ ನೀರಲ್ಲಿ ಮುಳುಗಿಸಿಟ್ಟು, ತಲೆ ಮುಂದಾಗಿ ಅದರೊಳಕ್ಕೆ ನಡೆಸಿ.

ಅಳತೆ ಹಲಗೆಯ ಮೇಲೆ ಬಾಯಿ ಮುಚ್ಚಿಸಿ, ಮೂತಿಯಿಂದ ಬಾಲದ ತುದಿಯವರೆಗೆ ನೋಡಿ. 22 ಇಂಚಿಗೆ ಕೂದಲಷ್ಟು ಕಡಿಮೆ ಇದ್ದರೂ ಒದ್ದೆ ಕೈಯಲ್ಲಿ ಹಿಡಿದು ವಾಪಸು ಬಿಡಿ.

ದೋಣಿ ಹತ್ತದವರಿಗೆ

ಕ್ರಿಸ್ಸಿ ಫೀಲ್ಡ್‌ನ ಟಾರ್ಪಿಡೊ ವಾರ್ಫ್ ಅನ್ನುವ ಸಾರ್ವಜನಿಕ ಕಟ್ಟೆ ಇದೆ. ಪಕ್ಕದ ಮರಳ ದಂಡೆಯಿಂದಲೂ ಹ್ಯಾಲಿಬಟ್ ಸಿಗುತ್ತದೆ, ಆದರೆ ದಂಡೆಗೆ ಲೈಸೆನ್ಸ್ ಬೇಕು. ರಬ್ಬರ್ ಮೀನನ್ನು ನೆಲಕ್ಕೆ ತಾಗಿಸಿಕೊಂಡು ನಿಧಾನಕ್ಕೆ ಎಳೆಯಿರಿ. ಹೊಸ ಜಾಗಕ್ಕೆ ಹೋಗುವ ಮೊದಲು ಸಂರಕ್ಷಿತ ಕಡಲ ನಕ್ಷೆ ನೋಡಿ. ಪಿಲ್ಲರ್ ಪಾಯಿಂಟ್‌ನ ಉತ್ತರಕ್ಕೇ ಇರುವ ಮಾಂಟಾರಾ ರಿಸರ್ವ್‌ನಲ್ಲಿ ಗಾಳವೇ ಹಾಕುವಂತಿಲ್ಲ. ಹೊರಕಡಲ ದಂಡೆಗಳಲ್ಲಿ ಬೆನ್ನು ತಿರುಗಿಸಿ ನಿಲ್ಲಬೇಡಿ. ಇಪ್ಪತ್ತು ನಿಮಿಷ ಸಣ್ಣ ಅಲೆ ಬಂದು, ಇದ್ದಕ್ಕಿದ್ದಂತೆ ಒಂದು ದೊಡ್ಡದು ಬಂದು ಕಾಲು ಕಿತ್ತು ಒಯ್ಯುತ್ತದೆ. ಮಕ್ಕಳಿದ್ದರೆ ಚಳಿಗಾಲದಲ್ಲಿ ಆ ದಂಡೆಗಳೇ ಬೇಡ.

ಮೀನು ಕೈಗೆ ಬಂದ ಮೇಲೆ

ಹಿಡಿದ ತಕ್ಷಣ ಕಿವಿರು ಕತ್ತರಿಸಿ ರಕ್ತ ಬಸಿಯಿರಿ, ಆಮೇಲೆ ಐಸ್. ಐಸ್ ಜೊತೆ ಒಂದಿಷ್ಟು ಕಡಲ ನೀರು ಸೇರಿಸಿದರೆ ಬೇಗ ತಣಿಯುತ್ತದೆ. ದೋಣಿಯಲ್ಲಿ ತುಂಡು ಮಾಡಬೇಡಿ, ಅಧಿಕಾರಿಗೆ ಉದ್ದ ತೋರಿಸಬೇಕಾಗುತ್ತದೆ.

ಸಾಲ್ಮನ್ ಬೆನ್ನಿನ ಮೇಲೆ, ಬಾಲಕ್ಕೆ ಹತ್ತಿರ ಒಂದು ಸಣ್ಣ ಮೆತ್ತನೆಯ ರೆಕ್ಕೆ ಇರುತ್ತದೆ. ಅದು ಕತ್ತರಿಸಿ ಹೋಗಿದ್ದರೆ ಆ ಮೀನು ಸಾಕಣೆ ಕೇಂದ್ರದಲ್ಲಿ ಹುಟ್ಟಿದ್ದು, ಮೂತಿಯೊಳಗೆ ಕೂದಲೆಳೆಯಂಥ ತಂತಿಯ ಗುರುತು ಇರುತ್ತದೆ. ಸೆಂಟ್ರಲ್ ವ್ಯಾಲಿಯ ಕೇಂದ್ರಗಳಿಂದ ಬಿಡುವ ಶರತ್ಕಾಲದ ಚಿನೂಕ್ ಮರಿಗಳಲ್ಲಿ ಕಾಲು ಭಾಗಕ್ಕೆ ಹೀಗೆ ಗುರುತು ಹಾಕುತ್ತಾರೆ. ಬಂದರಿನಲ್ಲಿ ಇಲಾಖೆಯವರು ತಲೆ ಕೇಳಿದರೆ ಕೊಡಬೇಕು. ಮುಂದಿನ ವರ್ಷ ಎಷ್ಟು ದಿನ ಬಿಡಬಹುದು ಅನ್ನುವ ಲೆಕ್ಕಕ್ಕೆ ಆ ತಂತಿ ಬೇಕು. ತಲೆ ಸಾರು ಇಷ್ಟ ಇದ್ದವರು ಗುರುತಿಲ್ಲದ ಮೀನಿನ ತಲೆ ಇಟ್ಟುಕೊಳ್ಳಿ.

ಕೊಲ್ಲಿಯೊಳಗಿನ ಮೀನಿನಲ್ಲಿ ಪಾದರಸದ ಅಂಶ ಇರುತ್ತದೆ. ಬಸುರಿಯರು, ಬಾಣಂತಿಯರು, ಮಕ್ಕಳು ವಾರಕ್ಕೆ ಎಷ್ಟು ತಿನ್ನಬಹುದು ಅಂತ ರಾಜ್ಯದ ಆರೋಗ್ಯ ವಿಭಾಗ ಜಾತಿವಾರು ಪಟ್ಟಿ ಹಾಕಿದೆ. ಹಂಚುವ ಮೊದಲು ಅದನ್ನು ನೋಡಿ.

ಇನ್ನು ಅಡುಗೆ. ಸಾಲ್ಮನ್‌ನಲ್ಲಿ ಎಣ್ಣೆ ಜಾಸ್ತಿ, ಅದಕ್ಕೆ ತೆಂಗಿನಕಾಯಿ ಬೇಡ. ಉಪ್ಪು, ಮೆಣಸು, ಸ್ವಲ್ಪ ಹುಳಿ ಹಚ್ಚಿ ಕಾವಲಿಯ ಮೇಲೆ ಚರ್ಮದ ಮಗ್ಗುಲು ಕೆಳಗೆ ಮಾಡಿ ಬೇಯಿಸಿ. ಹ್ಯಾಲಿಬಟ್ ಗಸಿಗೆ ಹೇಳಿ ಮಾಡಿಸಿದ್ದು. ಬ್ಯಾಡಗಿ ಮೆಣಸು, ಕೊತ್ತಂಬರಿ, ಹುಣಸೆ, ಕಾಯಿ ಅರೆದು ಮಸಾಲೆಯನ್ನು ಮೊದಲೇ ಚೆನ್ನಾಗಿ ಕುದಿಸಿ. ಮೀನು ಕೊನೆಗೆ ಹಾಕಿ, ಐದಾರು ನಿಮಿಷ ಸಾಕು. ಎಣ್ಣೆಯಿಲ್ಲದ ಬಿಳಿ ಮೀನು, ಹೆಚ್ಚು ಬೆಂದರೆ ನಾರಾಗುತ್ತದೆ. ತುಂಡು ಬಿದ್ದ ಮೇಲೆ ಸೌಟು ಹಾಕಿ ಕಲಕಬೇಡಿ, ಪಾತ್ರೆಯ ಎರಡೂ ಕಿವಿ ಹಿಡಿದು ಮೆಲ್ಲಗೆ ಒಂದು ಸುತ್ತು ಆಡಿಸಿ.